ಜಪಾನಿ ಮಾಣಿಗೆ ಹೊತ್ತ ಹರಕೆ

ಈಚೆಗೆ ಅಂಗಡಿಯ ಅಟ್ಟ ಖಾಲಿ ಮಾಡುವಾಗ ಬಿಸ್ಕಿಟ್ಟಿನ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು. ಒಳಗೆ ಸಿನಿಮಾದ ಸೀಡಿಗಳು. ಗುಜರಿಯವನು ಹೊರಗೆ ಚೀಲ ಹಿಡಿದು ಕಾಯುತ್ತಿದ್ದ, ಡಬ್ಬಿಯನ್ನು ಹಾಗೇ ಅವನ ಚೀಲಕ್ಕೆ ಸುರಿಯಬೇಕೆಂದಿದ್ದೆ. ಆಗ ಒಂದು ಕಾಗದದ ಕವರಿನ ಮೇಲೆ ಕೆಂಪು ಬೊಟ್ಟು ಕಂಡಿತು. ಮೂಗಿನ ಹತ್ತಿರ ಹಿಡಿದೆ. ಕುಂಕುಮ. ಇಷ್ಟು ವರ್ಷಗಳ ಮೇಲೆ ಅದರಲ್ಲಿ ವಾಸನೆ ಉಳಿದಿರಲಿಕ್ಕಿಲ್ಲ, ಆದರೆ ನನಗೆ ಬಂತು... ಕುಂಕುಮ, ಛತ್ರಿಯ ಕರಿಬಟ್ಟೆ, ಹಿತ್ತಲಾಚೆಯ ಆ ಮನೆಯ ಕಾಯಿಸಿದ ಹಾಲು, ಎಲ್ಲಾ ಸೇರಿದ ವಾಸನೆ.

ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ಎಂತಾ ಇದು? ಸಿನಿಮಾಕ್ಕೂ ಪೂಜೆ ಮಾಡ್ತಿದ್ರಾ ನೀವು?" ಎಂದು ಕೇಳಿದಳು.

"ನಾನಲ್ಲ, ಅಕ್ಕೋರು" ಎಂದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ನನಗೆ ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದವರು ಅವರು. ನಾನು ಏಳನೆಯದಕ್ಕೇ ಶಾಲೆ ಬಿಟ್ಟವನು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಬಿಟ್ಟ ಮರುದಿನದಿಂದ ದುಡಿದಿದ್ದೇನೆ. ಮೊದಲು ರೇಡಿಯೊ ರಿಪೇರಿಯವನ ಕೈಕೆಳಗೆ ಸೋಲ್ಡರ್ ಹಿಡಿದೆ, ಆಮೇಲೆ ಟೀವಿ ಬಂತು, ಅದನ್ನು ಬಿಚ್ಚಿ ಕಲಿತೆ, ಆಮೇಲೆ ಕೇಬಲ್ ಬಂತು. ಯಲ್ಲಾಪುರ ಪೇಟೆಯ ಅರ್ಧಕ್ಕೆ ಕೇಬಲ್ ಎಳೆದವನು ನಾನು. ಕಂಬ ಇದ್ದಲ್ಲಿ ಕಂಬ, ಇಲ್ಲದಲ್ಲಿ ಮಾವಿನ ಮರ, ಹಲಸಿನ ಮರ. ಮಂಗಗಳು ಅದೇ ವೈರಿಗೆ ಜೋತುಬಿದ್ದು ಜೋಕಾಲಿ ಆಡುತ್ತಿದ್ದವು. ಧಾರಾವಾಹಿಯ ಹೊತ್ತಿಗೇ ಸರಿಯಾಗಿ ಅವು ಆಡುತ್ತಿದ್ದವು, ಬೈಗುಳ ಮಾತ್ರ ನನಗೆ.

ಅಕ್ಕೋರ ಮನೆ ನನ್ನ ಅಂಗಡಿಯ ಹಿತ್ತಲಿಗೆ ತಾಗಿಕೊಂಡೇ ಇತ್ತು. ನಿವೃತ್ತಿಯಾದ ಮೇಲೆ ಅವರೂ ಅವರ ತಮ್ಮನೂ ಇಬ್ಬರೇ ಅಲ್ಲಿದ್ದರು. ತಮ್ಮನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತಂತೆ. ಕಿವಿ ಇಲ್ಲದ ಮೇಲೆ ಮಾತೂ ಬರಲಿಲ್ಲ. ಮಳೆಗಾಲಕ್ಕೆ ಮೊದಲು ಊರಿನ ಛತ್ರಿಗಳೆಲ್ಲ ಅವರ ಮನೆಯ ಜಗಲಿಗೆ ಬರುತ್ತಿದ್ದವು. ಕಡ್ಡಿ ಮುರಿದದ್ದು, ಬಟ್ಟೆ ಹರಿದದ್ದು ಎಲ್ಲವನ್ನೂ ತಮ್ಮ ಕೂತು ಸರಿ ಮಾಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಆದರೆ ಊರಿಗೆಲ್ಲ ಅವರು 'ಅಕ್ಕೋರ ತಮ್ಮ'. ನನಗೂ ಹಾಗೇ.

ಅವರು ಪ್ರತಿಯೊಬ್ಬರಿಗೂ ಕೈಯಲ್ಲೇ ಒಂದು ಹೆಸರಿಟ್ಟಿದ್ದರು. ಕಣ್ಣಿನ ಸುತ್ತ ಎರಡು ಬೆರಳು ದುಂಡಗೆ ಮಾಡಿದರೆ ಅಕ್ಕೋರು, ಅಂದರೆ ಕನ್ನಡಕ. ಗಾಳಿಯಲ್ಲಿ ಕಂಬ ಹತ್ತುವ ಹಾಗೆ ಮಾಡಿದರೆ ನಾನು. ಮಾತು ಎಂಬುದಕ್ಕೂ ಒಂದು ಸನ್ನೆ ಇತ್ತು. ಐದು ಬೆರಳನ್ನೂ ಮೊಗ್ಗಿನ ಹಾಗೆ ಕೂಡಿಸಿ ತುಟಿಗೆ ಹಿಡಿಯುವುದು, ಆಮೇಲೆ ಮುಂದಕ್ಕೆ ಚಾಚುತ್ತಾ ಅರಳಿಸುವುದು. ಯಾರಾದರೂ ಅತಿಯಾಗಿ ಮಾತಾಡಿದರೆ ಎರಡೂ ಕೈಯಿಂದ ಪಟಪಟ ಅರಳಿಸಿಬಿಡುತ್ತಿದ್ದರು. ಕೇಬಲ್ ಹಣ ಕೊಡದೆ ಕಥೆ ಹೇಳುತ್ತಿದ್ದ ಗಿರಾಕಿಯೊಬ್ಬನ ಬೆನ್ನ ಹಿಂದೆ ಅವರು ಹಾಗೆ ಮಾಡಿದ್ದನ್ನು ನೋಡಿ ನಾನು ನಕ್ಕು ಗಿರಾಕಿಯನ್ನೇ ಕಳೆದುಕೊಂಡಿದ್ದೇನೆ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಅಕ್ಕೋರು ಕೇಬಲ್ ಬೇಡ ಎಂದು ಬಹಳ ದಿನ ಹಠ ಹಿಡಿದಿದ್ದರು. "ಮಕ್ಕೊ ಓದ್ತ್ವಿಲ್ಲೆ ನಿನ್ನ ದೆಸೆಯಿಂದ" ಎಂದು ನನಗೆ ಬೈಯುತ್ತಿದ್ದರು. ಶಾಲೆಯಲ್ಲಿ ಪುಸ್ತಕದ ಕನ್ನಡ ಬಿಟ್ಟು ಬೇರೆ ಆಡದ ಅವರು ನಿವೃತ್ತಿಯ ಮೇಲೆ ನನ್ನೊಡನೆ ತಮ್ಮ ಮನೆಮಾತೇ ಆಡುತ್ತಿದ್ದರು. ಕಡೆಗೆ ತಮ್ಮನಿಗೆ ಹೊತ್ತು ಹೋಗಲಿ ಎಂದು ಒಪ್ಪಿದರು. ಕ್ರಿಕೆಟ್ ನೋಡಲಿ, ಕುಸ್ತಿ ನೋಡಲಿ ಎಂದು ಅವರ ಲೆಕ್ಕ. ತಮ್ಮ ಎಲ್ಲಾ ಚಾನೆಲ್ಲುಗಳನ್ನೂ ತಿರುವಿ ನೋಡಿ ಒಂದೇ ಒಂದು ಕಾರ್ಯಕ್ರಮ ಆರಿಸಿಕೊಂಡರು. ಸಂಜೆ ಬರುತ್ತಿದ್ದ ಒಂದು ಜಪಾನಿ ಕಾರ್ಟೂನು. ಮಾತು ಹಿಂದಿಯಲ್ಲಿ, ಚಿತ್ರ ಜಪಾನಿನದು.

ಅದರ ಕಥೆ ನನಗೆ ಈಗಲೂ ಬಾಯಿಪಾಠ. ಒಂದು ಬೆಟ್ಟದ ಒಡೆಯ ಇದ್ದಾನೆ. ಅವನು ಮಕ್ಕಳ ದನಿ ಕದಿಯುತ್ತಾನೆ. ಒಬ್ಬ ಪುಟ್ಟ ಹುಡುಗನ ದನಿಯನ್ನೂ ಕದ್ದು ಬೆಳಕು ಮಾಡಿ ಲಾಟೀನಿನಲ್ಲಿ ಇಟ್ಟುಬಿಟ್ಟಿದ್ದಾನೆ. ಹುಡುಗನ ಅಕ್ಕ ಆ ಲಾಟೀನನ್ನು ಕೈವಶ ಮಾಡಿಕೊಂಡು ಬಂದಿದ್ದಾಳೆ, ಆದರೆ ಅದನ್ನು ತೆರೆಯುವ ಬಗೆ ಗೊತ್ತಿಲ್ಲ. ಅದಕ್ಕಾಗಿ ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತಾಳೆ. ತಮ್ಮ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಹಿಂದೆ ನಡೆಯುತ್ತಾನೆ. ಪ್ರತಿ ಕಂತಿಗೆ ಒಂದು ಹೊಸ ಬೆಟ್ಟ, ಅಡ್ಡ ಬರಲಿಕ್ಕೆ ಒಂದು ಹೊಸ ಪ್ರಾಣಿ. ಗಾಳಿಗೆ ಲಾಟೀನು ಆರಿದರೆ ಮುಗಿಯಿತು, ಹುಡುಗ ಮತ್ತೆ ಮಾತಾಡುವುದಿಲ್ಲ.

ತಮ್ಮನಿಗೆ ಅದು ಯಾಕೆ ಹಿಡಿಸಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅಕ್ಕೋರು ಮೊದಮೊದಲು ತಮ್ಮ ನೋಡುವುದನ್ನು ನೋಡಲು ಕೂರುತ್ತಿದ್ದರು. ಆಮೇಲೆ ಅವರೂ ನೋಡತೊಡಗಿದರು. ಅವರ ಮಾತಿನಲ್ಲಿ ಹುಡುಗಿ ಎಂದರೆ ಕೂಸು, ಹುಡುಗ ಎಂದರೆ ಮಾಣಿ, ನನ್ನಂಥ ಕಿರಿಯನನ್ನು ಕರೆಯುವುದು ತಮಾ ಎಂದು. ಬೆಳಿಗ್ಗೆ ಹಿತ್ತಲ ಬೇಲಿಯ ಆಚೆಯಿಂದ ನನ್ನನ್ನು ಕರೆದು, "ತಮಾ, ನಿನ್ನೆ ಆ ಕೂಸು ಹೊಳೆ ದಾಟಿತ್ತಲಾ, ಅಲ್ಲಿ ಮರದ ಬುಡಕ್ಕೆ ಕೆಂಪು ಬಟ್ಟೆ ಕಟ್ಟಿದ ಕಲ್ಲಿತ್ತು ನೋಡಿದ್ಯಾ? ನಮ್ಮ ಚೌಡಿ ಕಲ್ಲೇ ಅಲ್ದನಾ ಅದು?" ಎಂದು ಕೇಳುತ್ತಿದ್ದರು.

"ನಂಗೆಂತ ಗೊತ್ತು ಅಕ್ಕೋರೇ? ಕಲಿಸಿದವರು ನೀವು, ಶಾಲೆ ಬಿಟ್ಟವನ ಹತ್ರ ಕೇಳ್ತ್ರಲ್ಲ."

"ಶಾಲೆ ಬಿಟ್ಟದ್ದು ನೀನು. ಕಣ್ಣು ಬಿಟ್ಟು ನೋಡದು ಎಂತಕ್ಕೆ ಬಿಟ್ಟೆ?"

ಇಂಥ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಇದನ್ನು ಬರೆದವರು ಗಂಡಸೋ ಹೆಂಗಸೋ? ಮೊದಲು ಪುಸ್ತಕದಲ್ಲಿ ಬಂದದ್ದೋ? ಒಬ್ಬ ನಡೆಯುವುದನ್ನು ತೋರಿಸಲಿಕ್ಕೆ ಎಷ್ಟು ಚಿತ್ರ ಬರೆಯಬೇಕು? ಜಪಾನಿನಲ್ಲೂ ರಕ್ತ ಹೀರುವ ಉಂಬಳ ಕಚ್ಚುತ್ತದೆಯೋ? ಆ ಕೂಸು ಬರಿಗಾಲಲ್ಲಿ ಕಾಡು ನಡೆಯುತ್ತದಲ್ಲ! ನನಗೂ ಹುಚ್ಚು ಹಿಡಿಯಿತು. ಕಂಬದ ಮೇಲೆ ಕೂತು ವೈರು ಜೋಡಿಸುವಾಗಲೂ ಇದನ್ನೇ ಯೋಚಿಸುತ್ತಿದ್ದೆ. ಸಂಜೆ ಆ ಹೊತ್ತಿಗೆ ಅಂಗಡಿಯಲ್ಲಿದ್ದರೆ ರಿಪೇರಿಗೆ ಬಂದ ಯಾರದೋ ಟೀವಿಯಲ್ಲಿ ಅದನ್ನು ಹಚ್ಚಿ ನೋಡುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಅದು ಬರಲಿಲ್ಲ. ಆ ಹೊತ್ತಿಗೆ ಬೇರೆ ಏನೋ, ಮೋಟಾರು ಗಾಡಿಗಳು ಮಾತಾಡುವ ಕಾರ್ಟೂನು. ಮರುದಿನವೂ ಅದೇ. ಹುಡುಗಿ ಕಟ್ಟಕಡೆಯ ಬೆಟ್ಟದ ಬುಡಕ್ಕೆ ಬಂದು ನಿಂತಿದ್ದಳು, ಅಷ್ಟಕ್ಕೇ ನಿಂತಿತು. ಊರಿನ ಮಕ್ಕಳೆಲ್ಲ ನಾನೇ ಕತ್ತರಿಸಿದೆ ಎಂದು ನನ್ನ ಮೇಲೆ ಬಂದವು. ಸಿರಸಿಯಲ್ಲಿದ್ದ ಚಾನೆಲ್ಲಿನ ಏಜೆಂಟರಿಗೆ ಫೋನು ಮಾಡಿದೆ. "ಕಾರ್ಟೂನಿಗೆಲ್ಲ ಕಂಪ್ಲೇಂಟ್ ಕೊಡ್ತ್ಯಾ ಮಾರಾಯಾ? ಕ್ರಿಕೆಟ್ ಬರ್ತದಲ್ಲ? ಹಂಗಾರೆ ಸಾಕು" ಎಂದು ಇಟ್ಟರು.

ಆ ವಾರ ಅಕ್ಕೋರು ಬೇಲಿಯ ಹತ್ತಿರ ಬಂದವರು ಏನೂ ಕೇಳಲಿಲ್ಲ. ಕೈಯಲ್ಲಿ ಕರಿಬೇವಿನ ಎಲೆ ಬಿಡಿಸುತ್ತಾ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು.

"ತಮಾ, ಆನು ಒಂದು ಮಳ್ಳು ಕೆಲಸ ಮಾಡಿದ್ದಿ."

"ಎಂತ ಆತು?"

"ಆ ಮಾಣಿಗೆ ಮಾತು ಬಂದ್ರೆ ಗಂಟೆ ಕಟ್ತೆ ಹೇಳಿ ಗಣಪತಿಗೆ ಹರಕೆ ಹೇಳ್ಕಂಡಿದ್ದಿ."

ನಮ್ಮ ಯಲ್ಲಾಪುರದ ಕಾಡಿನ ನಡುವೆ ಒಂದು ಗಣಪತಿಯ ಗುಡಿ ಇದೆ. ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು, ಅದು ನಡೆದರೆ ಹೋಗಿ ಗಂಟೆ ಕಟ್ಟಿ ಬರುವುದು ಅಲ್ಲಿನ ಕ್ರಮ. ಗುಡಿಯಲ್ಲಿ ಎತ್ತ ನೋಡಿದರೂ ಗಂಟೆ, ಚಿಕ್ಕದು ದೊಡ್ಡದು. ಮದುವೆಗೆ, ಮಕ್ಕಳಿಗೆ, ಕೋರ್ಟು ವ್ಯಾಜ್ಯಕ್ಕೆ, ಕಳೆದ ಎಮ್ಮೆಗೆ ಹರಕೆ ಹೊತ್ತವರನ್ನೆಲ್ಲ ನಾನು ಬಲ್ಲೆ. ಕಾರ್ಟೂನಿನ ಹುಡುಗನಿಗೆ ಹೊತ್ತವರನ್ನು ನೋಡಿರಲಿಲ್ಲ. ನಗು ತಡೆಯಲು ಆಗಲಿಲ್ಲ.

"ನಗಡ" ಎಂದರು. "ನಡೆದ್ರೆ ಕಟ್ಟವು. ನಡೆಯದ್ದೇ ಕಟ್ಟಲಾಗ್ತಿಲ್ಲೆ. ಈಗ ನಡತ್ತೋ ಇಲ್ಯೋ ಹೇಳೇ ಗೊತ್ತಿಲ್ಲೆ. ಹರಕೆ ಅರ್ಧಕ್ಕೆ ನಿಂತಂಗಾತು."

ಅಷ್ಟೇ ಆಗಿದ್ದರೆ ನಾನು ಬಹಳ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಆದರೆ ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ದೇವರ ಗೂಡಿನ ಪಕ್ಕದ ಮೊಳೆ ತೋರಿಸಿದರು. ಅಲ್ಲಿ ಒಂದು ಹಿತ್ತಾಳೆ ಗಂಟೆ ತೂಗುಹಾಕಿತ್ತು. ನಾಲಿಗೆ ಅಲುಗದ ಹಾಗೆ ಬಟ್ಟೆಯ ಚೂರು ಸುತ್ತಿತ್ತು. ಹಿತ್ತಾಳೆ ಕಪ್ಪಾಗಿ ಹೋಗಿತ್ತು. ಅದು ಅವರ ಅಮ್ಮ ತಂದದ್ದು. ತಮ್ಮನಿಗೆ ಜ್ವರ ಬಂದು ಕಿವಿ ಹೋದಾಗ ಅಮ್ಮ ಹರಕೆ ಹೊತ್ತು, ಮಗ ಮಾತಾಡಿಯೇ ಮಾತಾಡುತ್ತಾನೆ ಎಂಬ ಧೈರ್ಯಕ್ಕೆ ಗಂಟೆಯನ್ನು ಮೊದಲೇ ಕೊಂಡುಬಿಟ್ಟಿದ್ದರಂತೆ. ಹಾಗೆ ಮಾಡಬಾರದು, ಕೆಲಸ ಆದ ಮೇಲೇ ಗಂಟೆ ತರಬೇಕು. ಅದು ಗೊತ್ತಿದ್ದೂ ತಾಯಿಯ ಜೀವ ಕೇಳಲಿಲ್ಲ. ಕೆಲಸ ಆಗಲಿಲ್ಲ. ದೇವರ ಹೆಸರಿನಲ್ಲಿ ತಂದದ್ದನ್ನು ಮಾರುವ ಹಾಗಿಲ್ಲ, ಹರಕೆ ನಡೆಯದೆ ಕಟ್ಟುವ ಹಾಗೂ ಇಲ್ಲ. ಅಮ್ಮ ಹೋದರು, ಗಂಟೆ ಅದೇ ಮೊಳೆಯಲ್ಲಿ ಉಳಿಯಿತು. ಅದರ ಸದ್ದನ್ನು ಯಾರೂ ಕೇಳಿಲ್ಲ.

"ಇವಂಗೆ ಬೇಡ್ಕಂಬ ಧೈರ್ಯ ಎಂಗೆ ಯಾವಾಗ್ಲೋ ಹೋಗಿತ್ತು" ಎಂದರು ಅಕ್ಕೋರು, ಜಗಲಿಯ ಕಡೆ ನೋಡುತ್ತಾ. ತಮ್ಮ ಅಲ್ಲಿ ಛತ್ರಿಯ ಕಡ್ಡಿಗೆ ದಾರ ಸುತ್ತುತ್ತಿದ್ದರು. "ಆ ಮಾಣಿಗಾದ್ರೂ ಬರ್ಲಿ ಹೇಳಿ..."

ಮಾತು ಅಲ್ಲಿಗೇ ನಿಲ್ಲಿಸಿ ಒಲೆಯ ಮೇಲಿನ ಹಾಲು ನೋಡಲು ಹೋದರು.

ಅಂದಿನಿಂದ ಆ ಕಥೆಯ ಕೊನೆ ಹುಡುಕುವುದು ನನ್ನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ, ನಾನೇ ಹೊತ್ತುಕೊಂಡದ್ದು. ವೈರು ತರಲಿಕ್ಕೆ ಹುಬ್ಬಳ್ಳಿಗೆ ಹೋದಾಗಲೆಲ್ಲ ಸೀಡಿ ಅಂಗಡಿಗಳಿಗೆ ನುಗ್ಗಿದೆ. ಕಾರ್ಟೂನಿನ ಹೆಸರು ಹೇಳಲು ಬಾರದು, ಕಥೆ ಹೇಳುತ್ತಿದ್ದೆ. ಲಾಟೀನು, ಅಕ್ಕ, ತಮ್ಮ, ಹಗ್ಗ. ಬಹಳ ಜನ ಜಾಗ ಖಾಲಿ ಮಾಡು ಎಂದರು. ಒಬ್ಬ ಅಂಗಡಿಯವನು ಮಾತ್ರ ಪೂರಾ ಕೇಳಿಸಿಕೊಂಡ.

"ಬರ್ರಿ, ಕುಂದರ್ರಿ. ಯಾರಿಗ್ ಬೇಕ್ರಿ ಇದು, ಮಕ್ಕಳಿಗೇನು?"

"ನಮ್ಮ ಅಕ್ಕೋರಿಗೆ. ರಿಟಾಯರ್ಡ್."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಲ್ರೀ, ಮಂದಿ ಆ ವಯಸ್ಸಿನ್ಯಾಗ ಭಕ್ತಿಗೀತಿ ಕೇಳ್ತಾರ. ಇರ್ಲಿ ಬಿಡ್ರಿ. ಆ ಸೀರಿಯಲ್ಲು ಅಲ್ಲೇ ನಿಂತೈತ್ರಿ, ಮುಂದ ಇಲ್ಲ. ಕಡೀ ಭಾಗ ಸಿನಿಮಾ ಮಾಡ್ಯಾರಂತ. ಮುಂಬೈಕ ಹೇಳಿ ತರಸ್ತೀನಿ, ಆದ್ರ ಯಾವಾಗ ಬರ್ತೈತಿ ಅಂತ ಕೇಳಬ್ಯಾಡ್ರಿ."

ಆ ಬೇಸಿಗೆ ಹೋಗಿ ಮಳೆ ಬಂತು. ಗೋಕುಲಾಷ್ಟಮಿ ಕಳೆದ ಮೇಲೆ ಒಂದು ದಿನ ಹುಬ್ಬಳ್ಳಿ ಬಸ್ಸಿನ ಕಂಡಕ್ಟರು ಪೊಟ್ಟಣವೊಂದನ್ನು ತಂದುಕೊಟ್ಟ. ಎರಡು ಸೀಡಿ. ಒಂದರ ಕವರಿನ ಮೇಲೆ ಆ ಹುಡುಗಿಯದೇ ಚಿತ್ರ, ಲಾಟೀನು ಸಹಿತ. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಬೇಲಿ ಹಾರಿ ಹೋದೆ. ತಮ್ಮ ಚಿತ್ರ ನೋಡಿದ್ದೇ ತಡ, ಕೈಯಲ್ಲಿ ಲಾಟೀನು ಹಿಡಿದ ಹಾಗೆ ಮಾಡಿ, ಕಂಬ ಹತ್ತಿದ ಹಾಗೆ ಮಾಡಿ, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಇಷ್ಟು ಹೊಗಳಿಕೆ ನನಗೆ ಯಾವ ಗಿರಾಕಿಯೂ ಕೊಟ್ಟಿಲ್ಲ.

ಪ್ಲೇಯರು ನನ್ನ ಅಂಗಡಿಯಿಂದಲೇ ಒಯ್ದೆ. ಮಧ್ಯಾಹ್ನದ ಊಟ ಮುಗಿದಿತ್ತು. ನಾನು ಸೀಡಿ ಒಳಗೆ ತಳ್ಳಬೇಕೆನ್ನುವಷ್ಟರಲ್ಲಿ ಅಕ್ಕೋರು "ತಡಿಯಾ" ಎಂದು ದೇವರ ಗೂಡಿಗೆ ಹೋದರು, ಬೆರಳಲ್ಲಿ ಕುಂಕುಮ ಹಿಡಿದು ಬಂದರು. ಸೀಡಿಗೇ ಹಚ್ಚಲು ಹೊರಟಿದ್ದರು.

"ಅಯ್ಯೋ ಅಕ್ಕೋರೇ, ಅದಕ್ಕೆ ಹಚ್ಚಿದ್ರೆ ಓಡೂದಿಲ್ಲ!"

"ಓಡ್ತಿಲ್ಯಾ? ಹಂಗಾರೆ ಕವರಿಗೆ ಹಚ್ತೆ. ದೇವರು ತಿಳ್ಕತ್ತ."

ಹಚ್ಚಿ, ಕೈಮುಗಿದು, ಕುರ್ಚಿಯಲ್ಲಿ ಸೆರಗು ಬಿಗಿ ಮಾಡಿ ಕೂತರು. ನಾನು ಗುಂಡಿ ಒತ್ತಿದೆ. ಚಿತ್ರ ಬಂತು, ಹಾಡು ಬಂತು, ಹುಡುಗಿ ಬಾಯಿ ತೆರೆದಳು. ಜಪಾನಿ ಭಾಷೆ! ಹಿಂದಿಯೂ ಇಲ್ಲ, ಇಂಗ್ಲಿಷೂ ಇಲ್ಲ, ಕೆಳಗೆ ಅಕ್ಷರವೂ ಇಲ್ಲ. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಅಕ್ಕೋರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಷ್ಟು ಕಾದು ತರಿಸಿದ್ದು ಹೀಗಾಯಿತಲ್ಲ ಎಂದು ನನಗೆ ಸೀಡಿ ಮುರಿದು ಬಿಸಾಡುವಷ್ಟು ಸಿಟ್ಟು ಬಂತು. ಎದ್ದು ನಿಲ್ಲಿಸಲು ಹೋದೆ. ತಮ್ಮ ನನ್ನ ಅಂಗಿ ಹಿಡಿದು ಕೂರಿಸಿದರು. ಅವರಿಗೆ ಏನಾಗಿದೆ ಎಂದೇ ಗೊತ್ತಿರಲಿಲ್ಲ. ಅವರ ಪಾಲಿಗೆ ಹಿಂದಿಯಲ್ಲಿ ಬಂದಾಗ ಹೇಗಿತ್ತೋ ಈಗಲೂ ಹಾಗೇ ಇತ್ತು.

ನೋಡತೊಡಗಿದೆವು. ಮೊದಲು ನಾವಿಬ್ಬರೂ ಮಾತು ಹಿಡಿಯಲು ಹೆಣಗಿ ಚಿತ್ರವನ್ನೇ ಬಿಟ್ಟುಬಿಟ್ಟೆವು. ಗಡ್ಡದ ಮುದುಕನೊಬ್ಬ ಹುಡುಗಿಯ ಹತ್ತಿರ ಬಹಳ ಹೊತ್ತು ಮಾತಾಡಿದ. "ಎಂತ ಹೇಳ್ತ ಇಂವ?" ಎಂದು ಅಕ್ಕೋರು ನನ್ನನ್ನು ಕೇಳಿದರು. ನಾನು ಅಂದಾಜಿಗೆ "ದಾರಿ ತೋರಿಸ್ತಾನೆ ಕಾಣ್ತದೆ" ಎಂದೆ. ತಮ್ಮ ತಲೆ ಅಲ್ಲಾಡಿಸಿದರು. ಮುದುಕನ ಕಣ್ಣು ತೋರಿಸಿದರು, ಅವನ ಕೈ ತೋರಿಸಿದರು. ಕೈ ಹಿಂದೆ ಏನೋ ಬಚ್ಚಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಮುದುಕನೇ ಬೆಟ್ಟದ ಒಡೆಯ ಎಂದು ಬಯಲಾಯಿತು. ಅಲ್ಲಿಂದ ಮುಂದೆ ನಾವು ಮಾತನ್ನು ಬಿಟ್ಟು ಟೀವಿಯನ್ನು ಒಂದು ಕಣ್ಣಲ್ಲಿ, ತಮ್ಮನ ಕೈಯನ್ನು ಒಂದು ಕಣ್ಣಲ್ಲಿ ನೋಡಿದೆವು. ಅಕ್ಕೋರಂತೂ ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಬಾಯಿ ತೆರೆದು ಕೂತಿದ್ದರು.

ಒಡೆಯನ ಬೆಟ್ಟದಲ್ಲಿ ಒಂದು ದೊಡ್ಡ ಮರ. ಕದ್ದ ದನಿಗಳೆಲ್ಲ ಅದರ ಕೊಂಬೆಗಳಲ್ಲಿ ಬೆಳಕಾಗಿ ತೂಗುತ್ತಿವೆ. ಹುಡುಗಿ ಆ ಮರ ಹತ್ತುತ್ತಾಳೆ. ಗಾಳಿ, ಮಳೆ, ಲಾಟೀನು ಮಿಣಮಿಣ ಎನ್ನುತ್ತದೆ. ಅಕ್ಕೋರು ಸೆರಗನ್ನು ಬಾಯಿಗೆ ಕಚ್ಚಿಕೊಂಡಿದ್ದರು. ಕಡೆಗೆ ಒಡೆಯ ಸೋಲುತ್ತಾನೆ, ಲಾಟೀನು ತೆರೆಯುವ ಬಗೆ ಅವಳಿಗೆ ತಿಳಿಯುತ್ತದೆ. ಅಕ್ಕ ತಮ್ಮ ಇಬ್ಬರೂ ತಮ್ಮ ಊರಿಗೆ ಬರುತ್ತಾರೆ. ಬೆಳಗಾಗುತ್ತಿದೆ. ಮನೆಯ ಮುಂದೆ ನಿಂತು ಹುಡುಗಿ ಲಾಟೀನಿನ ಬಾಗಿಲು ತೆರೆಯುತ್ತಾಳೆ. ಬೆಳಕು ಹೊರಗೆ ಬಂದು ಮಿಂಚುಹುಳದ ಹಾಗೆ ಹಾರಾಡಿ ಹುಡುಗನ ಬಾಯಿಗೆ ಹೋಗುತ್ತದೆ. ಹುಡುಗ ಅಕ್ಕನ ಮುಖ ನೋಡುತ್ತಾನೆ. ಬಾಯಿ ತೆರೆಯುತ್ತಾನೆ. ತುಟಿ ಅಲುಗುತ್ತದೆ...

ದನಿ ಇಲ್ಲ. ಬರೀ ವಾದ್ಯ. ವಾದ್ಯ ಜೋರಾಗುತ್ತಾ ಹೋಗಿ ತೆರೆ ಬೆಳ್ಳಗಾಯಿತು, ಜಪಾನಿ ಅಕ್ಷರಗಳು ಮೇಲಕ್ಕೆ ಹೋದವು. ಮುಗಿಯಿತು.

ತಮ್ಮ ಎದ್ದು ನಿಂತುಬಿಟ್ಟಿದ್ದರು. ಬೆರಳುಗಳನ್ನು ತುಟಿಗೆ ಹಿಡಿದು ಅರಳಿಸಿದರು. ಮತ್ತೆ ಅರಳಿಸಿದರು. ಮಾತಾಡಿದ, ಮಾತಾಡಿದ!

ಅಕ್ಕೋರು ನನ್ನ ಕಡೆ ತಿರುಗಿದರು. "ತಮಾ, ನಿಂಗೆ ಕೇಳ್ತಾ?"

"ಇಲ್ಲ ಅಕ್ಕೋರೇ."

"ಎಂಗೂ ಕೇಳಿದ್ದಿಲ್ಲೆ."

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ದನಿ ಪೂರ್ತಿ ಏರಿಸಿದೆ. ಮನೆಯೆಲ್ಲ ಗುಂಯ್ ಎಂದಿತು, ಪಾತ್ರೆ ನಡುಗಿತು. ಹುಡುಗನ ತುಟಿಯಿಂದ ಒಂದು ಅಕ್ಷರವೂ ಬರಲಿಲ್ಲ. ಸೀಡಿ ಕೆಟ್ಟಿದೆಯೋ ಎಂದು ತೆಗೆದು ಅಂಗಿಗೆ ಒರೆಸಿ ಹಾಕಿದೆ. ಅದೇ. ಸ್ಪೀಕರಿಗೆ ಕಿವಿ ಹಚ್ಚಿದೆ. ಅದೇ. ಇಷ್ಟು ಬೆಟ್ಟ ಹತ್ತಿಸಿ, ಇಷ್ಟು ಕಾಯಿಸಿ, ಕಡೆಗೆ ಆ ಒಂದು ಮಾತು ಕೇಳಿಸದೆ ಮುಗಿಸಿದವರು ಎಂಥ ಜನ ಇರಬಹುದು? ಯಾಕೆ ಹಾಗೆ ಮಾಡಿದರು? ನನಗೆ ಆಗ ಸಿಟ್ಟಿಗಿಂತ ಈ ಪ್ರಶ್ನೆಯೇ ಹೆಚ್ಚಾಗಿತ್ತು.

"ಬಾಯಿ ಬಿಟ್ಟದ್ದು ಹೌದು. ಮಾತು ಬೈಂದು ಹೇಳಿ ಹೇಂಗೆ ಹೇಳದು?" ಅಕ್ಕೋರು ಕನ್ನಡಕ ತೆಗೆದು ಒರೆಸಿದರು. "ಉತ್ತರ ಬರೆಯದ್ದೇ ಮಾರ್ಕ್ಸು ಕೊಡಲೆ ಬತ್ತನಾ?"

ತಮ್ಮನಿಗೆ ನಮ್ಮ ಗಲಾಟೆ ಅರ್ಥವಾಗಲಿಲ್ಲ. ಕಂಡದ್ದನ್ನು ಯಾಕೆ ಇಲ್ಲ ಎನ್ನುತ್ತಿದ್ದೀರಿ ಎಂಬಂತೆ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು ನೋಡಿದರು. ಅಕ್ಕೋರು ಕಿವಿ ಮುಟ್ಟಿ, ಕೈ ಅಡ್ಡ ಆಡಿಸಿ ಹೇಳಿದರು, ಕೇಳಲಿಲ್ಲ ಎಂದು. ತಮ್ಮನೂ ಕಿವಿ ಮುಟ್ಟಿಕೊಂಡು ಹಾಗೇ ಕೈ ಅಡ್ಡ ಆಡಿಸಿದರು. ನನಗೂ ಕೇಳುವುದಿಲ್ಲ, ಅದಕ್ಕೇನು? ಎಂಬ ಹಾಗೆ. ಬೆರಳನ್ನು ಅಕ್ಕನ ತುಟಿಯ ಕಡೆ ತೋರಿಸಿ ಅರಳಿಸಿದರು. ನನ್ನ ತುಟಿಯ ಕಡೆ ತೋರಿಸಿ ಅರಳಿಸಿದರು. ಟೀವಿಯ ಕಡೆ ತೋರಿಸಿ ಅರಳಿಸಿದರು.

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅವರ ಲೆಕ್ಕದಲ್ಲಿ ನಾವೆಲ್ಲ ಮಾತಾಡುವುದು ಹಾಗೇ. ತುಟಿ ಅಲುಗುವುದು, ಅಷ್ಟೇ. ಅಕ್ಕ ದಿನವಿಡೀ ಮಾತಾಡಿದರೂ ಅವರಿಗೆ ಬಂದದ್ದು ಆ ಹುಡುಗ ಆಡಿದಷ್ಟೇ.

ಅಕ್ಕೋರು ರಿಮೋಟು ತೆಗೆದುಕೊಂಡು ದನಿ ಪೂರ್ತಿ ಇಳಿಸಿದರು. ಆ ಕೊನೆಯ ಭಾಗವನ್ನು ಮತ್ತೆ ಹಾಕು ಎಂದು ನನಗೆ ಸನ್ನೆ ಮಾಡಿದರು, ಬಾಯಲ್ಲಿ ಹೇಳಲಿಲ್ಲ. ಹಾಕಿದೆ. ಸದ್ದಿಲ್ಲದೆ ನೋಡಿದೆವು. ಬೆಳಕು ಹಾರಿತು, ಬಾಯಿಗೆ ಹೋಯಿತು, ತುಟಿ ಅಲುಗಿತು. ಆದರೂ ಅಕ್ಕೋರು ಒಪ್ಪಿದರು ಎಂದು ನಾನು ಹೇಳಲಾರೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ, ಅಷ್ಟು ಸುಲಭಕ್ಕೆ ಒಪ್ಪುವುದಲ್ಲ.

ಒಪ್ಪಿಸಿದ್ದು ತಮ್ಮ. ಒಳಗೆ ಹೋಗಿ ಮೊಳೆಯಿಂದ ಗಂಟೆ ಇಳಿಸಿ ತಂದರು. ಅದು ತಮಗಾಗಿ ತಂದ ಗಂಟೆ ಎಂದು ಅವರಿಗೆ ಗೊತ್ತಿತ್ತೇ? ಎಷ್ಟು ಗೊತ್ತಿತ್ತು? ನಾನು ಕೇಳಲಿಲ್ಲ, ಕೇಳುವ ಸನ್ನೆಯೂ ನನಗೆ ಬರುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಛತ್ರಿಯ ಕಡ್ಡಿ ಉಜ್ಜುವ ಬೂದಿಯಲ್ಲೇ ಹುಣಸೆಹಣ್ಣು ಸೇರಿಸಿ ಗಂಟೆಯನ್ನು ಉಜ್ಜತೊಡಗಿದರು. ಕಪ್ಪು ಹೋಗಿ ಹಳದಿ ಬಂತು. ನಾಲಿಗೆಯ ಬಟ್ಟೆ ಬಿಚ್ಚಿದರು. ಅಕ್ಕೋರು ಬಾಗಿಲಲ್ಲಿ ನಿಂತು ನೋಡಿದರು, ನೋಡಿ, "ತಮಾ, ನಾಳೆ ನಿನ್ನ ಗಾಡಿ ಖಾಲಿ ಇದ್ದಾ?" ಎಂದು ಕೇಳಿದರು.

ವೈರು ಸಾಗಿಸುವ ನನ್ನ ಹಳೆಯ ಓಮ್ನಿಯಲ್ಲಿ ಹೋದೆವು. ಕಾಡಿನ ದಾರಿ, ಮಳೆ ಬಿಟ್ಟು ಹೊಳವಾಗಿತ್ತು. ಗುಡಿಯ ಭಟ್ಟರು ಸಂಕಲ್ಪಕ್ಕೆ ನೀರು ಹಿಡಿದು, "ಯಾರ ಹೆಸರಿಗೆ?" ಎಂದು ಕೇಳಿದರು.

ಅಕ್ಕೋರು ಸೀದಾ ಹೇಳಿದರು. "ಜಪಾನಿನ ಒಂದು ಮಾಣಿ."

ಭಟ್ಟರ ಕೈಯ ನೀರು ಹಾಗೇ ನಿಂತಿತು. "ಜಪಾನಿಂದಾ? ಗೋತ್ರ?"

"ಗೊತ್ತಿಲ್ಲೆ."

"ಅಡ್ಡಿಲ್ಲೆ. ಗೋತ್ರ ಗೊತ್ತಿಲ್ದೇ ಇದ್ದವ್ಕೆ ಕಾಶ್ಯಪ ಹೇಳಲಕ್ಕು. ನಕ್ಷತ್ರ?"

"ಅದೂ ಗೊತ್ತಿಲ್ಲೆ."

"ಮಾಣಿ ಎಂತ ಮಾಡ್ತ ಅಲ್ಲಿ?"

ಅಕ್ಕೋರು ನನ್ನ ಕಡೆ ನೋಡಿದರು. ನಾನು, "ಕಾರ್ಟೂನಿನಲ್ಲಿ ಇದ್ದಾನೆ ಭಟ್ರೇ" ಎಂದೆ. ಭಟ್ಟರು ಏನು ತಿಳಿದುಕೊಂಡರೋ, "ಹೋ, ಒಳ್ಳೇ ಕಂಪನಿಯಾ?" ಎಂದು ತಲೆದೂಗಿದರು. ನಾವು ಯಾರೂ ತಿದ್ದಲಿಲ್ಲ. ಹಿಂದಿಯಲ್ಲಿ ಕರೆಯುತ್ತಿದ್ದ ಹೆಸರನ್ನು ಅಕ್ಕೋರು ಹೇಳಿದರು, ಭಟ್ಟರು ಅದನ್ನು ಸಂಸ್ಕೃತಕ್ಕೆ ಹೊಂದುವ ಹಾಗೆ ತಿರುಗಿಸಿ ಮಂತ್ರಕ್ಕೆ ಸೇರಿಸಿದರು. ಆಮೇಲೆ ಅಕ್ಕೋರು ಸ್ವಲ್ಪ ತಡೆದು ತಮ್ಮನ ಹೆಸರನ್ನೂ ಹೇಳಿದರು. ಅವರ ಗೋತ್ರ ಗೊತ್ತಿತ್ತು, ನಕ್ಷತ್ರ ಗೊತ್ತಿತ್ತು. ಅಮ್ಮ ಬೇಡಿಕೊಂಡಾಗ ಹೇಳಿದ್ದು ಅದೇ ಇರಬೇಕು.

ಗಂಟೆ ಕಟ್ಟಿದ್ದು ನಾನು, ಹತ್ತುವ ಕೆಲಸ ನನ್ನದಲ್ಲವೇ. ಕೆಳಗಿಳಿದ ಮೇಲೆ ತಮ್ಮ ಕೈ ಎತ್ತಿ ಬಾರಿಸಿದರು. ಆ ಸದ್ದು ಹೇಗಿತ್ತು ಎಂದು ನನಗೆ ಬರೆಯಲು ಬರುವುದಿಲ್ಲ. ಅಷ್ಟು ವರ್ಷ ಸುಮ್ಮನಿದ್ದದ್ದು, ಅಷ್ಟು ಮಾತ್ರ ಹೇಳಬಲ್ಲೆ. ಅಕ್ಕೋರು ಕಣ್ಣು ಮುಚ್ಚಿ ಕೇಳಿದರು. ತಮ್ಮ ಮೆಲ್ಲಗೆ ಅಂಗೈಯನ್ನು ಗಂಟೆಯ ಮೈಗೆ ತಾಗಿಸಿ ಹಿಡಿದರು. ನಡುಕ ನಿಲ್ಲುವವರೆಗೂ ಹಿಡಿದೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

ಅದಾದ ಮೇಲೆ ಕೆಲವು ವರ್ಷ ಅವರು ಹಾಗೇ ಇದ್ದರು. ಬೇಲಿಯ ಆಚೆಯಿಂದ ಪ್ರಶ್ನೆಗಳು ಬರುತ್ತಿದ್ದವು. ಒಂದು ಪ್ರಶ್ನೆ ಮಾತ್ರ ಮತ್ತೆಮತ್ತೆ ಬರುತ್ತಿತ್ತು. "ಆ ಮಾಣಿ ಎಂತ ಹೇಳಿದ್ದಿಕ್ಕು, ತಮಾ?" ಒಂದು ದಿನ "ಅಕ್ಕಾ ಹೇಳಿದ್ದಿಕ್ಕು" ಎನ್ನುತ್ತಿದ್ದರು, ಇನ್ನೊಂದು ದಿನ "ಹಸಿವಾಗ್ತು ಹೇಳಿದ್ದಿಕ್ಕು, ಅಷ್ಟು ದೂರ ನಡೆದ್ನಲೀ" ಎನ್ನುತ್ತಿದ್ದರು. ಅಕ್ಕೋರು ಹೋದದ್ದು ಒಂದು ಚಳಿಗಾಲದಲ್ಲಿ. ತಮ್ಮನನ್ನು ಸಿದ್ದಾಪುರದ ಕಡೆಯ ನೆಂಟರು ಕರೆದುಕೊಂಡು ಹೋದರು. ಹೊರಡುವ ದಿನ ಅವರು ಜಗಲಿಯಲ್ಲಿ ನಿಂತು ಕಣ್ಣಿನ ಸುತ್ತ ಎರಡು ಬೆರಳು ದುಂಡಗೆ ಮಾಡಿದರು, ಮಾಡಿ ಕೈಯನ್ನು ಕೆಳಗೆ ಬಿಟ್ಟರು. ಒಮ್ಮೆ ನೋಡಿ ಬರಬೇಕೆಂದು ನಾನು ಅಂದುಕೊಂಡು ಹೊರಡುವಷ್ಟರಲ್ಲಿ ಅವರೂ ಇಲ್ಲ ಎಂದು ಸುದ್ದಿ ಬಂತು.

ಮಗಳಿಗೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಗುಜರಿಯವನು ಬೇಸತ್ತು ಹೋಗಿಯಾಗಿತ್ತು. ಅವಳು ತನ್ನ ಫೋನಿನಲ್ಲಿ ಏನೇನೋ ಒತ್ತಿ, ಕವರಿನ ಚಿತ್ರವನ್ನು ಅದಕ್ಕೆ ತೋರಿಸಿ, "ಸಿಕ್ತು ಅಪ್ಪಾ" ಎಂದಳು. ಪೂರ್ತಿ ಸಿನಿಮಾ. ಮೂಲ ಜಪಾನಿಯದೇ, ಆದರೆ ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳೆಲ್ಲ ಬರುತ್ತಿದ್ದವು. ಗಡ್ಡದ ಮುದುಕ ಏನು ಹೇಳಿದ ಎಂಬುದನ್ನು ಅವಳು ನನಗೆ ಓದಿ ಹೇಳಿದಳು. ನನಗೆ ಅದು ಬೇಡವಾಗಿತ್ತು. ಕೊನೆಗೆ ಹೋಗು ಎಂದೆ.

ಬೆಳಕು ಹಾರಿತು. ಹುಡುಗನ ತುಟಿ ಅಲುಗಿತು.

"ಎಂತ ಬರೆದಿದ್ದಾರೆ?" ಎಂದೆ.

"ಎಂತದೂ ಇಲ್ಲ. ಸಂಗೀತ ಅಂತ ಗುರುತು ಹಾಕಿದ್ದಾರೆ, ಅಷ್ಟೇ."

ಅಂದರೆ ಆ ಭಾಷೆ ಬಲ್ಲವರಿಗೂ ಅದು ಕೇಳುವುದಿಲ್ಲ. ನಾವು ಕಳೆದುಕೊಂಡದ್ದು ಏನೂ ಇರಲಿಲ್ಲ. ತಟ್ಟನೆ ಎದ್ದು ಹಿತ್ತಲ ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟೆ, ಬೇಲಿಯ ಹತ್ತಿರ ಹೋಗಿ ಕೂಗಿ ಹೇಳಬೇಕೆಂದು... ಬೇಲಿ ಈಗ ಇಲ್ಲ. ಆ ಮನೆ ಕೆಡವಿ ಸಿಮೆಂಟಿನ ಗೋದಾಮು ಮಾಡಿದ್ದಾರೆ. ತಗಡಿನ ಗೋಡೆ ನೋಡಿ ನಿಂತೆ.

"ಹಂಗಾದ್ರೆ ಅವನು ಮಾತಾಡಿದ್ನಾ, ಇಲ್ವಾ?" ಮಗಳು ಹಿಂದಿನಿಂದ ಕೇಳಿದಳು.

ಉತ್ತರ ಹೇಳಲು ತಿರುಗಿದೆ. ಕೈ ತಾನಾಗಿ ಮೇಲೆ ಬಂದು, ಐದು ಬೆರಳೂ ಕೂಡಿ ತುಟಿಗೆ ತಾಗಿ, ಅವಳ ಕಡೆಗೆ ಅರಳಿತು.